ಅತ್ತೆ ಬಾಗಿಲಿಗೊಂದು ಸೇತುವೆ

ಸ್ಕಲ್ಪಿನ್ ಆರ್ಮ್, ನ್ಯೂಫೌಂಡ್‌ಲ್ಯಾಂಡ್
ಗುರುವಾರ, ೧೪ ಮೇ ೧೯೮೭

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಬೆನ್ನಿನ ಹೊಲಿಗೆ ಬಿಚ್ಚಿದ ಜಾಗ ಪೂರ್ತಿ ಒಣಗಿತೇ? ಕಾಲಿಗೆ ಮುಟ್ಟಿದ್ದು ತಿಳಿಯದಿದ್ದರೂ ಸಂಜೆಯಾದರೆ ಪಾದ ಉರಿಯುತ್ತದೆ ಎಂದಿದ್ದೆ, ಅದಕ್ಕೆ ಡಾಕ್ಟರು ಏನಾದರೂ ಕೊಟ್ಟರೇ? ಊಟ ಸೇರುತ್ತಿದೆಯೇ? ಅಲ್ಲಿ ಮೀನನ್ನು ಚೌಕ ಮಾಡಿ ಕೊಡುತ್ತಾರೆ ಎಂದು ನೀನು ಹೇಳಿದ್ದನ್ನು ಈಸಾವ್ ಮಾವನಿಗೆ ತಿಳಿಸಿದೆ. ಪಕ್ಕದ ಮನೆ ಅವನದಾದರೂ ಅವನ ವಾಸ ನಮ್ಮ ಅಡುಗೆಮನೆಯ ದಿವಾನ್ ಮಂಚದ ಮೇಲೆ ತಾನೇ, ಅಲ್ಲೇ ಒರಗಿಕೊಂಡು, "ಎಪ್ಪತ್ತೊಂದು ವರ್ಷದಲ್ಲಿ ನಾನು ಚೌಕದ ಮೀನು ಹಿಡಿದಿಲ್ಲ ಕಣಮ್ಮ. ಅದರ ತಲೆ ಯಾವ ಮೂಲೇಲಿರುತ್ತೆ ಅಂತ ಕೇಳಿ ಬರಿ" ಎಂದ. ಕೇಳಿದ್ದೇನೆ, ಉತ್ತರ ಬರಿ.

ನಿನ್ನ ಹಾಸಿಗೆಯ ಮೇಲೆ ಸರಪಳಿಯಲ್ಲಿ ತೂಗುಬಿಟ್ಟಿರುವ ಆ ತ್ರಿಕೋನದ ಹಿಡಿಯ ವಿಷಯ ನಾನು ಮರೆತಿಲ್ಲ. ಏಪ್ರಿಲ್‌ನಲ್ಲಿ ನಿನ್ನನ್ನು ನೋಡಲು ಬಂದಾಗ ಇಡೀ ಆಸ್ಪತ್ರೆಯಲ್ಲಿ ನನಗೆ ಇಷ್ಟವಾದ ವಸ್ತು ಅದೊಂದೇ. ನಾಚಿಕೆಯಿಲ್ಲದೆ, 'ಬಾ, ಎದ್ದೇಳಲು ಕಷ್ಟವಾಗುತ್ತದೆ, ನನ್ನನ್ನು ಹಿಡಿದುಕೋ' ಎನ್ನುತ್ತದೆ. ಅಂಥದ್ದು ಜಗತ್ತಿನ ಎಲ್ಲ ಹಾಸಿಗೆಗಳ ಮೇಲೂ ಏಕಿಲ್ಲ? ಗಟ್ಟಿಮುಟ್ಟಾದವರಿಗೆ ಬೆಳಿಗ್ಗೆ ಏಳುವುದು ಸುಲಭವೆಂದು ಯಾರು ಹೇಳಿದರು? ನಮ್ಮ ಚಹಾ ಬಟ್ಟಲನ್ನೇ ನೋಡು. ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ, ಆದರೆ ಬಟ್ಟಲಿಗೆ ಇರುವುದು ಒಂದೇ ಕಿವಿ. ಕೊಡುವವರು ಕಿವಿಯನ್ನು ಎದುರಿನವರಿಗೆ ತಿರುಗಿಸಿ ತಾವು ಬೆರಳು ಸುಟ್ಟುಕೊಳ್ಳಬೇಕು. ಅಮ್ಮ ಇಪ್ಪತ್ತೆರಡು ವರ್ಷದಿಂದ ಸುಟ್ಟುಕೊಂಡಿದ್ದಾಳೆ, ಅದನ್ನು ಸೌಜನ್ಯ ಎಂದು ಕರೆಯುತ್ತೇವೆ. ಹೋದ ವರ್ಷ ನಾನು ಎರಡು ಕಿವಿಯ ಬಟ್ಟಲಿನ ಚಿತ್ರ ಬರೆದು ತೋರಿಸಿದಾಗ ನೀನು ನಕ್ಕು, "ಫೀನಾ, ನಿನ್ನ ಕರಪತ್ರಗಳಲ್ಲಿ ಉಪ್ಪುಮೀನು ಸುತ್ತಬಹುದು, ಅಷ್ಟಕ್ಕಾದರೂ ಬರುತ್ತವೆ" ಎಂದಿದ್ದೆ. ನಾನು ಮೂರು ದಿನ ಮಾತು ಬಿಟ್ಟಿದ್ದೆ. ಈಗ ಹೇಳುತ್ತೇನೆ, ಮನೆ, ಸಾಮಾನು ಎಲ್ಲರಿಗೂ ಒಗ್ಗುವಂತಿರಬೇಕು ಎನ್ನುವ ಆ ಕರಪತ್ರಗಳನ್ನು ಬರೆದವರಿಗೂ ಎಲ್ಲ ತಿಳಿದಿಲ್ಲ. ಆದರೆ ಅವರು ಕೇಳುವ ಪ್ರಶ್ನೆ ಸರಿಯಾಗಿದೆ: ಈ ವಸ್ತುವನ್ನು ಮಾಡಿದಾಗ ಮನಸ್ಸಿನಲ್ಲಿದ್ದ ಮನುಷ್ಯ ಯಾರು, ಮನಸ್ಸಿಗೆ ಬಾರದೇ ಹೋದವನು ಯಾರು?

ಅಮ್ಮ ಚೆನ್ನಾಗಿದ್ದಾಳೆ. ಮೀನಿನ ಕಾರ್ಖಾನೆ ತೆರೆದು ಹತ್ತು ದಿನವಾಯಿತು, ಬೆಳಗಿನ ಪಾಳಿ. ಆದರೆ ನಿನ್ನ ಕಾಗದ ಬಂದ ದಿನದಿಂದ ಅವಳು ನಿನ್ನ ಹೆಸರು ಹೇಳುವುದಿಲ್ಲ. ಈಗಲೂ ಒಲೆಯ ಕಡೆ ಮುಖ ಮಾಡಿಕೊಂಡು, "ಆ ಮನುಷ್ಯನಿಗೆ ಬರೀತಿದ್ದೀಯಾ? ಕಾಲುಚೀಲ ಎರಡು ಜೊತೆ ಕಳಿಸ್ತಿದ್ದೀನಿ ಅಂತ ಬರಿ. ಬೇರೆ ಏನೂ ನಾನು ಹೇಳಿದೆ ಅಂತ ಬರೀಬೇಡ" ಎಂದಳು. ಕಾಲುಚೀಲ ಎರಡು ಜೊತೆ ಬರುತ್ತಿವೆ. ಕಾಲಿಗೆ ತಣ್ಣಗೆ ಬೆಚ್ಚಗೆ ತಿಳಿಯದ ಮೇಲೆ ಕಾಲುಚೀಲ ಯಾಕೆ ಎಂದು ನೀನು ಕೇಳಬಾರದು. ಹೆಣೆದವಳಿಗೆ ತಿಳಿಯುತ್ತದೆ.

ನಿನ್ನ ಕಾಗದ ನಾಲ್ಕೇ ಸಾಲಿತ್ತು ಅಪ್ಪಾ. ಅದನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಬರೆದುಕೊಟ್ಟ ನರ್ಸಮ್ಮನ ಅಕ್ಷರದ ಅಂಕುಡೊಂಕೂ ಬಾಯಿಪಾಠವಾಗಿದೆ. "ಮನೆ ನಡೆಯುವವರಿಗೆ ಕಟ್ಟಿದ್ದು. ನನಗೋಸ್ಕರ ಗೋಡೆ ಒಡೆಯಬೇಡಿ. ಜೂನ್ ಒಂದಕ್ಕೆ ಇಲ್ಲಿಯ ಆಶ್ರಯಮನೆಯಲ್ಲಿ ಹಾಸಿಗೆ ಖಾಲಿಯಾಗುತ್ತದಂತೆ. ಮೇ ಇಪ್ಪತ್ತೊಂಬತ್ತಕ್ಕೆ ರುಜು ಹಾಕುತ್ತೇನೆ." ಮೂವತ್ತು ವರ್ಷ ದೋಣಿ ಕಟ್ಟಿದವನು, ಫೆಬ್ರವರಿಯಲ್ಲಿ ಮಂಜು ಹಿಡಿದ ಒಂದು ಹಲಗೆಯಿಂದ ಬಿದ್ದದ್ದಕ್ಕೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮುದುಕರ ಆಶ್ರಯಮನೆಗೆ ಹೋಗಿ ಕಿಟಕಿಯ ಮುಂದೆ ಕೂರುತ್ತಾನಂತೆ, ಯಾಕೆಂದರೆ ಮನೆ ಸರಿಹೊಂದುವುದಿಲ್ಲ. ಮನೆ ಮನುಷ್ಯನಿಗೆ ಸರಿಹೊಂದದಿದ್ದರೆ ತಪ್ಪು ಮನೆಯದು. ದೋಣಿ ಸೋರಿದರೆ ನೀನು ಅಂಬಿಗನಿಗೆ ತೇಪೆ ಹಾಕುತ್ತೀಯಾ?

ಕೋಪ ಮಾಡಿಕೊಂಡು ಬರೆಯಬಾರದು ಎಂದುಕೊಂಡಿದ್ದೆ. ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ, ಏಕೆಂದರೆ ಭಾನುವಾರ ಈಸಾವ್ ಮಾವ ಅಂಗಡಿಯ ಫೋನಿನಲ್ಲಿ ನಿನಗೆ ಅರ್ಧ ಹೇಳಿ ಕೆಡಿಸಿದ.

ಏಪ್ರಿಲ್‌ನಲ್ಲಿ ಸರ್ಕಾರದ ಕಡೆಯಿಂದ ಶ್ರೀಮತಿ ಕ್ರಿಚ್ ಮನೆ ನೋಡಲು ಬಂದಿದ್ದರಲ್ಲ, ನೀನು ಮನೆಯಲ್ಲಿ ಇರಬಹುದೇ ಇಲ್ಲವೇ ಎಂದು ಬರೆದುಕೊಂಡು ಹೋಗಲು. ಒಳ್ಳೆಯ ಹೆಂಗಸು. ನಮ್ಮ ಪಕ್ಕದ ಕೊಲ್ಲಿಯಲ್ಲೇ ಹುಟ್ಟಿದವರು, ಬಾಗಿಲು ತಟ್ಟದೆ ನೇರ ಅಡುಗೆಮನೆಗೆ ಬಂದು ಬೂಟು ಬಿಚ್ಚಿದರು. ಚಹಾ ಕುಡಿಯುತ್ತ ಅವರು ಕೇಳಿದ ಎರಡನೆಯ ಪ್ರಶ್ನೆ: ಈ ಮನೆಗೆ ಎಷ್ಟು ಬಾಗಿಲು? ಅಮ್ಮ "ಒಂದು" ಎಂದಳು. ನಾನೂ "ಒಂದು" ಎಂದೆ. ಕೇಳದಿದ್ದರೂ ಈಸಾವ್ ಮಾವ ದಿವಾನದಿಂದ, "ಒಂದೇ ತಾಯಿ, ನಮ್ಮೂರಲ್ಲಿ ಎಲ್ಲರ ಮನೆಗೂ ಒಂದೇ" ಎಂದ. ಅವರು ಒಂದು ಎಂದು ಬರೆದುಕೊಂಡರು. ಆ ಒಂದು ಬಾಗಿಲಿಗೆ ರಸ್ತೆಯಿಂದ ಇಳಿಯುವ ದಾರಿ ಕಡಿದು, ಮನೆಯ ಮೂಲೆಯಲ್ಲಿ ತಿರುವು, ಒಳಗೆ ಬಂದರೆ ಸೌದೆ ಪೆಟ್ಟಿಗೆಯ ಹತ್ತಿರ ಇನ್ನೊಂದು ತಿರುವು. ಗಾಲಿಕುರ್ಚಿ ತಿರುಗುವುದಿಲ್ಲ. ಮನೆ ಯೋಗ್ಯವಲ್ಲ ಎಂದು ವರದಿಯಾಯಿತು. ನಾವು ಯಾರೂ ಸುಳ್ಳು ಹೇಳಲಿಲ್ಲ, ಅದೇ ಇದರಲ್ಲಿ ಭಯಂಕರವಾದದ್ದು.

ವರದಿ ಬಂದ ಮೇಲೆ ನಾನು ಕರಪತ್ರ ತೆಗೆದೆ. ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿ ಇಳಿಜಾರು ಎಂದಿತ್ತು. ಅಷ್ಟು ಉದ್ದ ನಮ್ಮಲ್ಲಿ ಎಲ್ಲಿದೆ? ಆ ಲೆಕ್ಕದಲ್ಲಿ ಕಟ್ಟಿದರೆ ಇಳಿಜಾರು ಮನೆ ದಾಟಿ, ದಡ ದಾಟಿ, ನಿನ್ನ ಲಾಬ್‌ಸ್ಟರ್ ಬೋನುಗಳ ಪಕ್ಕದಲ್ಲಿ ಸಮುದ್ರಕ್ಕೆ ಇಳಿಯುತ್ತಿತ್ತು. ಆದ್ದರಿಂದ ಸ್ವಲ್ಪ ಕಡಿದಾಗಿಯೇ ಕಟ್ಟಿದೆ, ಮೂಲೆಯಲ್ಲಿ ಬಳಸಿಕೊಂಡು. ಊರಿನಲ್ಲಿ ಗಾಲಿಕುರ್ಚಿ ಇಲ್ಲದ್ದರಿಂದ ಅಡುಗೆಮನೆಯ ಕುರ್ಚಿಯೊಂದಕ್ಕೆ ಹಳೆಯ ಮಗುವಿನ ಗಾಡಿಯ ಚಕ್ರ ಕಟ್ಟಿ, ಈಸಾವ್ ಮಾವನನ್ನು ಕೂರಿಸಿದೆ. ಅವನು ತಾನಾಗಿಯೇ ಒಪ್ಪಿದ್ದು, ಅಮ್ಮ ಬೇರೆ ಏನಾದರೂ ಹೇಳಿದರೆ ನಂಬಬೇಡ. ಮೂಲೆಯವರೆಗೆ ಬಹಳ ಘನತೆಯಿಂದ ಹೋದ. ಮೂಲೆಯಲ್ಲಿ ದಾರಿ ತಿರುಗಿತು, ಕುರ್ಚಿ ತಿರುಗಲಿಲ್ಲ. ಹಲಗೆಯಿಂದ ಹಾರಿ ಅಮ್ಮನ ಆಲೂಗಡ್ಡೆ ಪಾತಿಯಲ್ಲಿ ಅಂಗಾತ ಬಿದ್ದ. ನಾನು ಜೀವ ಕೈಯಲ್ಲಿ ಹಿಡಿದು ಓಡಿದೆ. ಟೋಪಿ ಕೂಡ ಬಿದ್ದಿರಲಿಲ್ಲ. "ಮಗಳೇ, ನಿನ್ನ ಕರಪತ್ರದಲ್ಲಿ ಬ್ರೇಕ್ ಅನ್ನೋ ಮಾತು ಎಲ್ಲೂ ಬರಲ್ವಾ?" ಎಂದ. ಏಳು ಮಾವ ಎಂದರೆ ಏಳಲೊಲ್ಲ. ಮಣ್ಣಿನಲ್ಲಿ ಮಲಗಿ ಮೇಲೆ ನೋಡುತ್ತಲೇ ಇದ್ದ. ಆಮೇಲೆ ನಿಧಾನವಾಗಿ, "ಅಲ್ಲೊಂದು ಬಾಗಿಲಿದೆಯಲ್ಲೇ" ಎಂದ. ನಾನು ಥಟ್ಟನೆ ಏನೆಂದೆ ಗೊತ್ತೇ? "ಅದು ಬಾಗಿಲಲ್ಲ ಮಾವ, ಅದು ಅತ್ತೆ ಬಾಗಿಲು" ಎಂದೆ.

ಹತ್ತೊಂಬತ್ತು ವರ್ಷ ಆ ಬಾಗಿಲಿನ ಕೆಳಗೆ ಆಲೂಗಡ್ಡೆ ಅಗೆದಿದ್ದೇನೆ. ನೆಲದಿಂದ ಸೊಂಟದೆತ್ತರದಲ್ಲಿ, ಮೆಟ್ಟಿಲಿಲ್ಲದೆ ಗಾಳಿಯಲ್ಲಿ ತೂಗುತ್ತಿರುವ ಬಾಗಿಲು. ಮನೆಗೆ ಮುಂಬಾಗಿಲು ಇರಬೇಕೆಂದು ತಾತ ಇಟ್ಟ. ಮೆಟ್ಟಿಲು ಮುಂದಿನ ಬೇಸಿಗೆಗೆ ಎಂದ. ನಲವತ್ತೊಂದು ಬೇಸಿಗೆ ಕಳೆದವು. ಬೇಡದ ಅತ್ತೆಯನ್ನು ಬೀಳ್ಕೊಡುವುದಕ್ಕೆ ಎಂದು ಊರೆಲ್ಲ ನಗುತ್ತದೆ, ಊರೆಲ್ಲರ ಮನೆಯಲ್ಲೂ ಅಂಥದ್ದೇ ಒಂದಿದೆ. ಯಾಕೆ ಯಾರೂ ಬಳಸುವುದಿಲ್ಲ ಎಂದು ಆ ದಿನ ಪಾತಿಯಲ್ಲೇ ಕುಕ್ಕರಗಾಲಲ್ಲಿ ಕೂತು ಯೋಚಿಸಿದೆ. ನಮ್ಮ ಹಿರಿಯರು ದೋಣಿಯಲ್ಲಿ ಬಂದವರು. ನೀರಿನ ಕಡೆಯ ಬಾಗಿಲೇ ಅವರಿಗೆ ಬಾಗಿಲು. ರಸ್ತೆ ಬಂದು ಇಪ್ಪತ್ತೆರಡು ವರ್ಷವಾದರೂ ನಾವು ರಸ್ತೆಯಲ್ಲಿ ಇಳಿದು, ಮನೆಗೆ ಸುತ್ತು ಹಾಕಿ, ಆಗತಾನೇ ಹುಟ್ಟು ಒಳಗೆಳೆದುಕೊಂಡವರ ಹಾಗೆ ಹಿಂದಿನಿಂದ ಬರುತ್ತೇವೆ. ಒಳಗೆ ಹೋದರೆ ಆ ಬಾಗಿಲ ಪಕ್ಕಕ್ಕೇ ಮುಂದಿನ ಕೋಣೆ. ಮನೆಯಲ್ಲಿ ಅತಿ ದೊಡ್ಡದು, ಬೆಳಕಿರುವುದು, ಒಳ್ಳೆಯ ಒಲೆಯಿರುವುದು ಅದೇ. ವರ್ಷಕ್ಕೆರಡು ಸಲ ಬರುವ ಪಾದ್ರಿಗೆ ಮತ್ತು ಒಂದೇ ಸಲ ಹೋಗುವ ಹೆಣಕ್ಕೆ ಮೀಸಲು. ಬದುಕಿರುವ ನಾವು ಮೂವರು ಹಿಂದಿನ ಮೂರು ಗೇಣು ಜಾಗದಲ್ಲಿ ಒಬ್ಬರ ಮೊಣಕೈ ಒಬ್ಬರಿಗೆ ತಿವಿದುಕೊಂಡು ಇದ್ದೇವೆ. ಇದನ್ನು ಕಟ್ಟಿದಾಗ ಮನಸ್ಸಿನಲ್ಲಿದ್ದ ಮನುಷ್ಯ ಯಾರು, ಹೇಳು.

ನಾನು ಎದ್ದು, ರಸ್ತೆಗೆ ಹತ್ತಿ, ಅಲ್ಲಿಂದ ತಿರುಗಿ ನೋಡಿದೆ. ಅಪ್ಪಾ, ರಸ್ತೆ ಬಂಡೆಯ ಮೇಲೆ ಹಾದುಹೋಗುವುದರಿಂದ ನಮ್ಮ ಅತ್ತೆ ಬಾಗಿಲಿನ ಹೊಸಿಲೂ ರಸ್ತೆಯೂ ಒಂದೇ ಎತ್ತರ. ನಿನ್ನ ಮಟ್ಟಗೋಲು ತಂದು ಹಗ್ಗ ಕಟ್ಟಿ ನೋಡಿದೆ. ಎರಡು ಬೆರಳಿನ ವ್ಯತ್ಯಾಸ. ಮಧ್ಯೆ ಇಪ್ಪತ್ತೆರಡು ಅಡಿ ಗಾಳಿ, ಕೆಳಗೆ ಆಲೂಗಡ್ಡೆ. ಇಳಿಜಾರು ಬೇಡ, ತಿರುವು ಬೇಡ. ರಸ್ತೆಯಿಂದ ನೇರ ಮುಂದಿನ ಕೋಣೆಗೆ.

ಅವತ್ತೇ ಶ್ರೀಮತಿ ಕ್ರಿಚ್ ಅವರಿಗೆ ಬರೆದೆ: ತಪ್ಪಾಯಿತು, ಬಾಗಿಲು ಎರಡು, ದಯವಿಟ್ಟು ತಿದ್ದಿಕೊಳ್ಳಿ, ಮುಂಬಾಗಿಲಿಗೆ ಇಪ್ಪತ್ತೆರಡು ಅಡಿಯ ಸೇತುವೆ ಬೇಕು, ಮರ ಕೊಡಿಸಿ. ಹೊರಗಿನವರು ಜಗಲಿ ಎನ್ನುವುದಕ್ಕೆ ನಾವು ಸೇತುವೆ ಎನ್ನುತ್ತೇವೆ ಎಂಬುದು ನನಗೆ ನೆನಪಾಗಲೇ ಇಲ್ಲ. ಅವರಿಗೆ ಅರ್ಥವಾಗುತ್ತಿತ್ತು. ಆದರೆ ಅವರ ಕಚೇರಿಯಲ್ಲಿ ಕಾಗದ ಬಿಡಿಸಿದ ಯಾವನೋ ಪಟ್ಟಣದವನು ಅದನ್ನು ರಸ್ತೆ ಸೇತುವೆಗಳ ಇಲಾಖೆಗೆ ಕಳಿಸಿದ. ಅಲ್ಲಿಂದ ಮುದ್ರಿತ ಹಾಳೆ ಬಂತು. ನದಿಯ ಹೆಸರು? ಪಾತ್ರದ ಅಗಲ? ಪ್ರವಾಹದ ಗರಿಷ್ಠ ಮಟ್ಟ? ದಿನಕ್ಕೆ ಎಷ್ಟು ವಾಹನ? ನಾನು ಪ್ರಾಮಾಣಿಕವಾಗಿ ತುಂಬಿದೆ. ನದಿ ಇಲ್ಲ. ಆಲೂಗಡ್ಡೆ ಪಾತಿ, ಹದಿನೆಂಟು ಅಡಿ. ಪ್ರವಾಹ ಈವರೆಗೆ ಒಬ್ಬ ಈಸಾವ್ ರೈಡೌಟ್. ವಾಹನ ಒಂದು, ನಾಲ್ಕು ಚಕ್ರ, ಚಾಲಕ ನನ್ನ ಅಪ್ಪ.

ಸೋಮವಾರ ಲಾರಿಯೊಂದು ಬಂದು ನಿಂತಿತು. ಈ ಕಡೆಯ ರಸ್ತೆ ಮೇಸ್ತ್ರಿ ಹಿಸ್ಕಾಕ್. ನನ್ನ ಹಾಳೆ ಕೈಯಲ್ಲಿ ಹಿಡಿದು ಇಳಿದ, ಪಾತಿ ನೋಡಿದ, ಬಾಗಿಲು ನೋಡಿದ, ಲಾರಿಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಾನು ಮುಷ್ಟಿ ಬಿಗಿದು ನಿಂತಿದ್ದೆ, ಜಗಳಕ್ಕೆ ನಾಲ್ಕು ವಾಕ್ಯ ಸಿದ್ಧವಿತ್ತು. ಕಣ್ಣು ಒರೆಸಿಕೊಂಡು, "ನೀನು ಹೆಡ್ಲಿ ಪಾರ್ಡಿಯ ಮಗಳಾ? ನಮ್ಮಣ್ಣನ ದೋಣಿ ಅವನೇ ಕಟ್ಟಿದ್ದು. ಹದಿನಾಲ್ಕು ವರ್ಷ ಆಯ್ತು, ಒಂದು ಹನಿ ಒಳಗೆ ಬಿಟ್ಟಿಲ್ಲ" ಎಂದ. ಮೇಲಿನ ಹಳ್ಳದ ಹಳೆಯ ಸೇತುವೆ ಕಿತ್ತ ಹಲಗೆಗಳು ರಸ್ತೆ ಪಕ್ಕ ಕೊಳೆಯಲು ಬಿದ್ದಿದ್ದವಂತೆ. ಮಂಗಳವಾರ ಅವನ್ನೇ ತಂದು ಇಳಿಸಿದ. ಮೂರು ಅಂಗುಲ ದಪ್ಪ, ಅಪ್ಪಾ, ಲಾರಿ ಹೊತ್ತ ಹಲಗೆಗಳು. ನಿನ್ನನ್ನು ಹೊರುವುದು ಅವಕ್ಕೆ ರಜೆಯಿದ್ದ ಹಾಗೆ. ಕಂಬ ಹೂಳುವುದನ್ನು ಈಸಾವ್ ಮಾವ ವಹಿಸಿಕೊಂಡಿದ್ದಾನೆ. ನಲವತ್ತು ವರ್ಷ ಮೀನು ಒಣಗಿಸುವ ಅಟ್ಟಣೆ ಕಟ್ಟಿದವನಿಗೆ ಕಂಬದ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ಹಾಕಿದರೆ, "ನೀನು ಓದಮ್ಮ, ನಾನು ಅಗೀತೀನಿ" ಎನ್ನುತ್ತಾನೆ.

ಈಗ ನೀನು ಫೋನಿನಲ್ಲಿ ಹೇಳಿದ ಮಾತಿಗೆ ಬರುತ್ತೇನೆ. "ಆ ಬಾಗಿಲಿಂದ ನಾನು ದಾಟೋದು ಒಂದೇ ಸಲ, ಅದೂ ಹೊರಗೆ" ಎಂದೆಯಂತೆ. ಅಂಗಡಿಯಿಂದ ಬಂದು ಈಸಾವ್ ಮಾವ ಅದನ್ನು ಹೇಳಿದ ಮೇಲೆ ನಿನ್ನೆಯವರೆಗೂ ಗುದ್ದಲಿ ಮುಟ್ಟಿರಲಿಲ್ಲ. ತಾತನ ಶವಪೆಟ್ಟಿಗೆಯನ್ನು ಆ ಬಾಗಿಲಿನಿಂದ ಕೆಳಗೆ ನಿಂತವರ ಕೈಗೆ ದಾಟಿಸಿದಾಗ ನೀನು ಕೆಳಗೆ ತಲೆಯ ಕಡೆ ಹಿಡಿದಿದ್ದೆ ಎಂದು ನನಗೆ ಗೊತ್ತು. ಆಮೇಲೆ ಬಾಗಿಲಿಗೆ ಮೊಳೆ ಹೊಡೆದು ಮುಚ್ಚಿದವನೂ ನೀನೇ. ಬದುಕಿರುವವರು ಆ ಬಾಗಿಲಲ್ಲಿ ಬಂದರೆ ಹೆಣವನ್ನು ಕರೆದುಕೊಂಡು ಬಂದ ಹಾಗೆ ಎಂದು ಊರು ನಂಬುತ್ತದೆ. ನಾನು ಕರಪತ್ರ ಓದಿದವಳು, ನಂಬುವುದಿಲ್ಲ. ಆದರೆ ನಾನು ನಂಬದಿರುವುದರಿಂದ ನಿನಗೇನು ಉಪಯೋಗ? ಆ ರಾತ್ರಿ ಒಂದೇ ಕಡೆ ತೆರೆಯುವ ಬಾಗಿಲು ಲಾಬ್‌ಸ್ಟರ್ ಬೋನಿಗೆ ಮಾತ್ರ ಇರುವುದು ಎಂದು ಏನೋ ಬರೆದು ಹರಿದು ಹಾಕಿದೆ.

ನಿನ್ನೆ ಏನಾಯಿತು ಎಂದು ಅಮ್ಮ ಬರೆಯಬೇಡ ಎಂದಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲ ಎರಡು ಹಲಗೆಗಳನ್ನು ರಸ್ತೆಯಿಂದ ಹೊಸಿಲಿಗೆ ಇಟ್ಟು ಸುಮ್ಮನೆ ಅಳತೆ ನೋಡುತ್ತಿದ್ದೆವು. ಅಮ್ಮ ಮಧ್ಯಾಹ್ನ ಕಾರ್ಖಾನೆಯಿಂದ ಬಂದಳು. ರಬ್ಬರ್ ಬೂಟು, ತಲೆಗೆ ಬಿಳಿಯ ಬಟ್ಟೆ, ಕೈಯಲ್ಲಿ ಅಂಗಡಿಯ ಚೀಲ. ಹಿಂದಿನಿಂದ ಒಳಗೆ ಹೋದಳು. ಮುಂದಿನ ಕೋಣೆಯ ಕಡೆಯಿಂದ ಮೊಳೆ ಕೀಳುವ ಸದ್ದು ಕೇಳಿತು, ಒಂದು, ಎರಡು, ಐದು. ಬಾಗಿಲು ಕಿರುಗುಟ್ಟಿ ತೆರೆದುಕೊಂಡಿತು. ಅಮ್ಮ ಹೊಸಿಲಲ್ಲಿ ನಿಂತು ನಮ್ಮನ್ನು ನೋಡಿದಳು, ಮತ್ತೆ ಒಳಗೆ ಹೋಗಿ, ಹಿಂದಿನಿಂದ ಸುತ್ತಿಕೊಂಡು ಚೀಲದ ಸಮೇತ ರಸ್ತೆಗೆ ಬಂದಳು. ಈಸಾವ್ ಮಾವ ಟೋಪಿ ತೆಗೆದು, "ಮಿಲ್ಲಿ, ಬೇಡ ಕಣೇ, ಕಂಬ ಇನ್ನೂ ನಿಂತಿಲ್ಲ" ಎಂದ. ಅವನು ಹೇಳಿದ್ದು ಕಂಬದ ಮಾತಲ್ಲ ಎಂದು ಮೂವರಿಗೂ ಗೊತ್ತಿತ್ತು. ಎದುರಿನ ಮನೆಗಳ ಕಿಟಕಿಯ ಪರದೆಗಳು ಅಲುಗಿದವು. ಅಮ್ಮ, "ಈ ಮನೇಲಿ ಹೋಗೋಕೆ ಮಾತ್ರ ದಾರಿ ಇದೆ, ಬರೋಕೆ ಇಲ್ಲ ಅಂದ್ರೆ ನಾನ್ಯಾಕೆ ಒಲೆ ಹಚ್ಚಬೇಕು" ಎಂದಳು. ಹಲಗೆ ಬಾಗುತ್ತಿತ್ತು. ಕೆಳಗೆ ನೋಡದೆ ಇಪ್ಪತ್ತೆರಡು ಅಡಿ ನಡೆದು ಬೂಟು ಬಿಚ್ಚದೆ ಮುಂದಿನ ಕೋಣೆಯ ಜಮಖಾನದ ಮೇಲೆ ಹೋದಳು.

ನಾವು ರಸ್ತೆಯಲ್ಲೇ ಕಾದೆವು. ಅಮ್ಮ ಸಾಯಲಿಲ್ಲ, ಅಪ್ಪಾ. ಚಹಾಕ್ಕೆ ನೀರಿಟ್ಟಳು. ಇವತ್ತು ಬೆಳಿಗ್ಗೆ ಎದುರುಮನೆಯ ಇಬ್ಬರು ಏನನ್ನೂ ಕೇಳದೆ ಸುತ್ತಿಗೆ ತೆಗೆದುಕೊಂಡು ಬಂದರು. ಏಳು ಕಂಬದಲ್ಲಿ ನಾಲ್ಕು ನಿಂತಿವೆ. ಮುಂದಿನ ಕೋಣೆಯ ಕುರ್ಚಿಗಳನ್ನೆಲ್ಲ ಅಮ್ಮ ಮಹಡಿಗೆ ಸಾಗಿಸಿದ್ದಾಳೆ. ಪಾದ್ರಿ ಬಂದರೆ ಎಲ್ಲಿ ಕೂರಿಸುತ್ತೀಯ ಎಂದದ್ದಕ್ಕೆ, "ಅಡುಗೆಮನೇಲಿ, ಈಸಾವ್ ಪಕ್ಕದಲ್ಲಿ. ಅವರಿಗೂ ಒಂದಷ್ಟು ಪುಣ್ಯ ಬರಲಿ" ಎಂದಳು. ಶ್ರೀಮತಿ ಕ್ರಿಚ್ ಅಂಗಡಿಗೆ ಫೋನ್ ಮಾಡಿದ್ದರು. ಬರುವ ಬುಧವಾರ ಮತ್ತೆ ಬಂದು ನೋಡುತ್ತಾರಂತೆ. ವರದಿ ತಿದ್ದಬಹುದು, ಆದರೆ ನಮ್ಮ ಮನೆಗೇ ಹೋಗುತ್ತೇನೆಂದು ನೀನು ಬಾಯಿಬಿಟ್ಟು ಹೇಳಬೇಕು, ನೀನು ಬೇಡವೆಂದರೆ ಎಂಥ ಸೇತುವೆ ಇದ್ದರೂ ಅವರ ಕೈಯಲ್ಲಿ ಏನೂ ಇಲ್ಲ ಎಂದರು. ಅದು ನ್ಯಾಯವೇ. ನಿನ್ನನ್ನು ಎತ್ತಿ ತರುವುದಕ್ಕೆ ನೀನು ಸಾಮಾನಲ್ಲ.

ನಿನ್ನ ಹೆದರಿಕೆ ಏನೆಂದು ನನಗೆ ಸ್ವಲ್ಪ ಗೊತ್ತು. ಬಾಗಿಲಲ್ಲ, ನಾವು. ನಾವು ದಿನವೂ ನಿನ್ನನ್ನು ಕೂತಿದ್ದಂತೆ ನೋಡುವುದು. ನೋಡುತ್ತೇವೆ. ಮೊದಮೊದಲು ಕೆಟ್ಟದಾಗಿಯೇ ನೋಡುತ್ತೇವೇನೋ, ಅಭ್ಯಾಸವಿಲ್ಲ. ದೋಣಿಮನೆಯಲ್ಲಿ ಅರ್ಧ ಪಕ್ಕೆ ಜೋಡಿಸಿದ ದೋಣಿ ಹಾಗೆಯೇ ನಿಂತಿದೆ, ನನಗೆ ಅದರ ಮುಂದಿನ ಹಲಗೆ ಬಗ್ಗಿಸಲು ಬರುವುದಿಲ್ಲ. ಕೂತಲ್ಲಿಂದ ಬೈದು ಕಲಿಸುವುದಕ್ಕೆ ಕಾಲು ಬೇಕಿಲ್ಲ.

ಈಸಾವ್ ಮಾವನ ನಮಸ್ಕಾರ, ಸುತ್ತಿಗೆ ತಂದವರದೂ. ಅಮ್ಮ ಏನೂ ಹೇಳಿಲ್ಲ, ಆದರೆ ಈ ಹಾಳೆಯನ್ನು ಲಕೋಟೆಗೆ ಹಾಕುವ ಮೊದಲು ತನಗೆ ಕೊಡು ಎಂದು ಎರಡು ಸಲ ಕೈಚಾಚಿದ್ದಾಳೆ. ದೇವರು ನಿನ್ನ ಬೆನ್ನಿಗೆ ನಿಲ್ಲಲಿ, ಅವನಿಗೆ ಪುರುಸೊತ್ತಿಲ್ಲದಿದ್ದರೆ ನಾನಿದ್ದೇನೆ.

ನಿನ್ನ ಮಗಳು,
ಟ್ರಿಫೀನಾ

ಮರೆತೇ ಬಿಟ್ಟಿದ್ದೆ, ಟಪಾಲಿನ ಗಾಡಿ ಬಂದು ನಿಂತಿದೆ: ಅತ್ತೆ ಬಾಗಿಲಿನ ಚೌಕಟ್ಟು ಇಪ್ಪತ್ತೊಂಬತ್ತು ಅಂಗುಲ, ಕೊಯ್ದು ಅಗಲ ಮಾಡಬೇಕು. ಕರಪತ್ರ ಮೂವತ್ತೆರಡು ಎನ್ನುತ್ತದೆ. ತಾತ ನಿಲ್ಲಿಸಿದ ಚೌಕಟ್ಟನ್ನು ನಾನು ಕರಪತ್ರದ ಮಾತಿಗೆ ಕೊಯ್ಯುವುದಿಲ್ಲ, ನೀನು ಹೇಳಿದ ಅಳತೆಗೆ ಮಾತ್ರ. ಗರಗಸ ಹರಿತ ಮಾಡಿಟ್ಟಿದ್ದೇನೆ. ನರ್ಸಮ್ಮನ ಹತ್ತಿರ ಟೇಪು ಕೇಳಿ, ಬುಧವಾರಕ್ಕೆ ಮೊದಲು ಅಂಗಡಿಗೆ ಫೋನ್ ಮಾಡಿ ಸಂಖ್ಯೆ ಹೇಳು, ಬೇರೆ ಏನೂ ಹೇಳದಿದ್ದರೂ ಪರವಾಗಿಲ್ಲ. ಬರೀ ಕುರ್ಚಿಯನ್ನು ಅಳೆಯಬೇಡ. ಅದರಲ್ಲಿ ಕೂತು, ಚಕ್ರದ ಮೇಲೆ ಎರಡೂ ಕೈಯಿಟ್ಟು, ಈ ಬೆರಳ ಗೆಣ್ಣಿನಿಂದ ಆ ಬೆರಳ ಗೆಣ್ಣಿನವರೆಗೆ ಅಳೆ.